ಒಂದು ಬೇಸಿಗೆ ಕಾಯದ ಕಲ್ಲು

ಕೂಬರ್ ಪೀಡಿ
21 ಮಾರ್ಚ್ 1966

ಪ್ರೀತಿಯ ಟ್ಯಾಮ್ಸಿನ್,

ಸಂಜೆ ಐದೂವರೆ. ಬೆಳಿಗ್ಗೆಯಿಂದ ಕೆಂಪು ಧೂಳು ಎದ್ದಿತ್ತು, ಓಪಲ್ ಅಗೆಯುವ ಗುಂಡಿಗೆ ಇಳಿಯಲಿಲ್ಲ. ಪಕ್ಕದ ಗುಂಡಿಯ ಸ್ಪೀರೋ ಬಂದು ಎರಡು ಸಲ ಕಾಫಿ ಕುಡಿದು ಹೋದ. ಮಧ್ಯಾಹ್ನ ನಿನ್ನ ಅಮ್ಮನ ಬೀರು ಒರೆಸಿದೆ. ಅವಳ ಕೈಚೀಲದಲ್ಲಿ ಆಸ್ಪತ್ರೆಗೆ ಹೋದ ದಿನದ ಬಸ್ಸಿನ ಟಿಕೆಟ್ಟು ಇನ್ನೂ ಇದೆ. ತೆಗೆದು ನೋಡಿ ಅಲ್ಲೇ ಇಟ್ಟೆ. ಅವಳು ಹೋಗಿ ಬರುವ ತಿಂಗಳಿಗೆ ಎರಡು ವರ್ಷ.

ನೀನು ತಾಯಿಯಾಗುತ್ತಿರುವ ಸುದ್ದಿ ಗುರುವಾರ ತಲುಪಿತು. ಸ್ಪೀರೋಗೆ ಓದಿ ಹೇಳಿದೆ. "ಅಂತೂ ಮುದುಕ ತಾತ ಆದ! ಇನ್ನಾದ್ರೂ ಗಡ್ಡ ಬಾಚ್ಕೊಳಯ್ಯ, ಮಗು ಹೆದರ್ಕೊಂಡೀತು" ಅಂದ. ಆಮೇಲೆ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದ. ಅವನ ಮಕ್ಕಳು ಗ್ರೀಸಿನಲ್ಲಿ ಬೆಳೆಯುತ್ತಿದ್ದಾರೆ, ನಿನಗೆ ಗೊತ್ತಲ್ಲ.

ಈ ಪೊಟ್ಟಣದಲ್ಲಿ ಒಂದು ಉಂಗುರ ಇದೆ. ಕಲ್ಲು ಜನವರಿ ಕೊನೆಯಲ್ಲಿ ಒಣಕೆರೆ ಬಯಲಿನ ಹೊಸ ಗುಂಡಿಯಲ್ಲಿ ಸಿಕ್ಕಿತು. ಕಡಿದು ಉಜ್ಜಿದ್ದು ನಾನೇ. ತಿರುಗಿಸಿದರೆ ಒಳಗೆ ಹಸಿರು ಓಡುತ್ತದೆ, ಅದರ ಬೆನ್ನಿಗೆ ಕೆಂಪು. ಇಪ್ಪತ್ತು ವರ್ಷದ ಅಗೆತದಲ್ಲಿ ಇಂಥದ್ದು ನನ್ನ ಕೈಗೆ ಬಂದಿರಲಿಲ್ಲ. ಸ್ಪೀರೋ ಏನೋ ಹೇಳುತ್ತಿದ್ದ. ಅವನಿಗೆ ಎಲ್ಲದಕ್ಕೂ ಏನಾದರೂ ಹೇಳಲೇಬೇಕು.

ಡಂಕನ್‌ಗೆ, ಅವನ ತಾಯಿಗೆ ನೆನಪು ತಿಳಿಸು. ಭಾರ ಎತ್ತಬೇಡ.

ನಿನ್ನ ಅಪ್ಪ

---

ಪೋರ್ಟ್ ಲಿಂಕನ್
9 ಏಪ್ರಿಲ್ 1966

ಪ್ರೀತಿಯ ಅಪ್ಪ,

ಉಂಗುರ ಬಂತು. ಅಡುಗೆಮನೆಯಲ್ಲೇ ಪೊಟ್ಟಣ ಬಿಚ್ಚಿದೆ. ಬೆರಳಿಗೆ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಅತ್ತೆ ಆಲೂಗಡ್ಡೆ ಸುಲಿಯುತ್ತಿದ್ದರು.

"ಅಯ್ಯೋ ದೇವ್ರೇ, ಓಪಲ್ಲಾ! ನೀನ್ ಹುಟ್ಟಿದ್ದು ಯಾವ್ ತಿಂಗ್ಳೇ?"

"ಮೇ."

"ಮೇ! ಅಕ್ಟೋಬರ್‌ನಲ್ಲಿ ಹುಟ್ಟಿದೋರು ಬಿಟ್ರೆ ಇನ್ಯಾರೂ ಅದನ್ನ ಮೈಮೇಲೆ ಹಾಕ್ಬಾರ್ದು. ಅದೂ ಬಸುರಿ. ಅದೂ ಹಸಿರು ಬೇರೆ, ದೋಣಿ ಇರೋ ಮನೆಗೆ ಆಗದ ಬಣ್ಣ!"

"ನಮ್ಮಪ್ಪ ದಿನಾ ಅದನ್ನೇ ಅಗೀತಾರೆ. ಏನೂ ಆಗಿಲ್ವಲ್ಲ."

"ನಿಮ್ಮಮ್ಮ ಎಷ್ಟ್ ವರ್ಷಕ್ಕೆ ಹೋದ್ರು?"

ಅಪ್ಪ, ಆ ಮಾತಿಗೆ ನಾನು ಎದ್ದು ತಟ್ಟೆ ತೊಳೆಯಲು ಹೋದೆ.

ಅವರು ಕೆಟ್ಟವರಲ್ಲ. ಈಗಾಗಲೇ ಮಗುವಿಗೆ ಎರಡು ಟೋಪಿ ಹೆಣೆದಿದ್ದಾರೆ. ಈ ಮನೆಯೇ ಹಾಗೆ. ಡಂಕನ್ ದೋಣಿಗೆ ಹೋಗುವಾಗ ಒಂದು ಉಣ್ಣೆಯ ಟೋಪಿ ಹಾಕುತ್ತಾನೆ. ಅದನ್ನು ಒಗೆಯುವ ಹಾಗಿಲ್ಲ. ಅದರೊಳಗೆ ಅವನ ಅಜ್ಜನ ಕೋಟಿನ ಗುಂಡಿ ಹೊಲಿದಿದೆ, ಮುಳುಗಿದ ದೋಣಿಯಿಂದ ಈಜಿ ಬಂದ ಅಜ್ಜ. ಟೋಪಿಯ ವಾಸನೆಗೆ ಮೀನೂ ಓಡಿಹೋಗಬೇಕು. ಮದುವೆಯಾದ ಹೊಸದರಲ್ಲಿ ನಾನು ಅದನ್ನು ನೆನೆಹಾಕಿದ್ದೆ. ಅವತ್ತು ಈ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಉಂಗುರದ ಬಗ್ಗೆ ಡಂಕನ್‌ನನ್ನು ಕೇಳಿದೆ. "ಇಬ್ರೂ ಹೇಳೋದು ಸರಿ ಕಣೇ" ಎಂದು ಬಾಗಿಲು ದಾಟಿದ. ಸಂಜೆ ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದರು. ಹೆರಿಗೆ ಅಕ್ಟೋಬರ್ ಕೊನೆಗೆ. "ಹಾಗಾದ್ರೆ ಕಲ್ಲು ಮಗೂದು, ನಿಂದಲ್ಲ. ಡಬ್ಬೀಲಿಡು. ಅದು ಹುಟ್ಟಿದ್ಮೇಲೆ ನೋಡೋಣ" ಎಂದರು. ಡಬ್ಬಿಯಲ್ಲಿಡಲು ನನಗೆ ಮನಸ್ಸಿಲ್ಲ. ಅಮ್ಮ ಹೋದಮೇಲೆ ನೀನು ಕೊಟ್ಟ ಮೊದಲನೆಯ ವಸ್ತು ಇದು.

ನೀನು ಹೇಳು. ಇದು ಬರೀ ಕಲ್ಲು ತಾನೇ?

ನಿನ್ನ ಟ್ಯಾಮ್ಸಿನ್

---

ಕೂಬರ್ ಪೀಡಿ
24 ಏಪ್ರಿಲ್ 1966

ಪ್ರೀತಿಯ ಟ್ಯಾಮ್ಸಿನ್,

ಮಧ್ಯಾಹ್ನ ಮೂರು. ಅಮ್ಮನ ದಿನ ಮೊನ್ನೆ ಕಳೆಯಿತು. ಗೋರಿಯ ಮೇಲೆ ಇಡಲು ಈ ಊರಿನಲ್ಲಿ ಹೂವೆಲ್ಲಿ. ಡಬ್ಬಿಯ ಪೀಚ್ ಹಣ್ಣು ಅವಳಿಗೆ ಇಷ್ಟ ಅಂತ ಒಂದು ಡಬ್ಬಿ ತೆಗೆದು ನಾನೂ ಸ್ಪೀರೋನೂ ಅಲ್ಲೇ ಕೂತು ತಿಂದೆವು.

ನಿನ್ನ ಅತ್ತೆಯ ಮಾತು ಸ್ಪೀರೋಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ಟಪಾಲಂಗಡಿ ಹೆಂಗ್ಸು ಮೂರ್ ಓಪಲ್ ಉಂಗುರ ಹಾಕ್ಕೊಂಡು ಐದ್ ಮಕ್ಳು ಹೆತ್ಲು. ಆರನೇದು ಬೇಡ ಅಂತ ನಾಲ್ಕನೇ ಉಂಗುರ ಕೇಳ್ತಿದಾಳೆ" ಅಂದ. ವಜ್ರ ಮಾರುವವರು ತಮ್ಮ ಅಂಗಡಿ ಉಳಿಸಿಕೊಳ್ಳಲು ಹುಟ್ಟಿಸಿದ ಮಾತು ಇದು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಓಪಲ್ ಕೊಲ್ಲುವುದಾದರೆ ಈ ಊರಿನಲ್ಲಿ ಬೆಕ್ಕು ಕೂಡ ಉಳಿಯುತ್ತಿರಲಿಲ್ಲ.

ಅಮ್ಮನ ವಿಷಯ ಅವರು ಎತ್ತಬಾರದಿತ್ತು. ಅವಳ ಮೈಮೇಲೆ ಒಂದು ಓಪಲ್ಲೂ ಇರಲಿಲ್ಲ.

ಹಾಕಿಕೋ. ತೆಗೆಯಬೇಡ. ಈಗ ತೆಗೆದರೆ ಅವರ ಮಾತು ಒಪ್ಪಿದ ಹಾಗಾಗುತ್ತದೆ, ನಾಳೆ ಇನ್ನೊಂದು ಹೇಳುತ್ತಾರೆ. ಬರೀ ಕಲ್ಲು.

ನಿನ್ನ ಅಪ್ಪ

---

ಪೋರ್ಟ್ ಲಿಂಕನ್
19 ಜೂನ್ 1966

ಅಪ್ಪ,

ಎರಡು ವಾರದ ಹಿಂದೆ ಕಲ್ಲಿನ ಅಡ್ಡಕ್ಕೆ ಕೂದಲಿನಂಥ ಒಂದು ಗೆರೆ ಕಂಡಿತು. ಉಗುರಿನಿಂದ ಕೆರೆದು ನೋಡಿದೆ, ಒಳಗಿತ್ತು. ಮೊನ್ನೆಗೆ ಐದಾರು ಗೆರೆಗಳಾದವು, ಜೇಡನ ಕಾಲಿನ ಹಾಗೆ. ಈಗ ತಿರುಗಿಸಿದರೆ ಹಸಿರು ಓಡುವುದಿಲ್ಲ. ಅಲ್ಲಲ್ಲೇ ಕತ್ತರಿಸಿ ನಿಲ್ಲುತ್ತದೆ.

ಕಲ್ಲನ್ನು ಅಂಗೈ ಕಡೆಗೆ ತಿರುಗಿಸಿ ಮುಷ್ಟಿ ಬಿಗಿದುಕೊಂಡು ಓಡಾಡುತ್ತಿದ್ದೆ. ಇವತ್ತು ಚರ್ಚಿನಲ್ಲಿ ಹಾಡಿನ ಪುಸ್ತಕ ತೆಗೆದುಕೊಳ್ಳುವಾಗ ಅತ್ತೆ ನೋಡಿಬಿಟ್ಟರು. ದಾರಿಯಲ್ಲಿ ನನ್ನ ತೋಳು ಹಿಡಿದುಕೊಂಡರು. "ಮಗ್ಳೇ, ಇವತ್ತಾದ್ರೂ ತೆಗಿ. ನಂಗೋಸ್ಕರ ಬೇಡ, ಹೊಟ್ಟೇಲಿರೋದಕ್ಕೋಸ್ಕರ."

"ನಮ್ಮಪ್ಪಂಗೆ ಬರೀತೀನಿ. ಅವ್ರು ಏನ್ ಹೇಳ್ತಾರೋ ಹಾಗೆ" ಅಂದೆ.

"ನಿಮ್ಮಪ್ಪಂಗೆ ಕಲ್ಲು ಗೊತ್ತು. ನಂಗೆ ಹೆರಿಗೆ ಗೊತ್ತು."

ಡಂಕನ್ ಕೂಡ ನಿನ್ನೆ ಮೊದಲ ಸಲ ಬಾಯಿಬಿಟ್ಟ. "ಒಂದಷ್ಟ್ ದಿನ ತೆಗ್ದಿಟ್ರೆ ಏನ್ ಕಳ್ಕೋತೀಯ?" ಎಂದ. ಅವನ ಮುಖ ನೋಡಿದರೆ ನನಗೂ ಹಾಗೇ ಅನ್ನಿಸಿತು. ಆದರೂ ತೆಗೆಯಲಿಲ್ಲ. ನೀನು ತೆಗೆಯಬೇಡ ಅಂದಿದ್ದೆ.

ಕಲ್ಲು ಯಾಕೆ ಹೀಗಾಯಿತು ಅಪ್ಪ? ಏನಾದರೂ ಒಂದು ಕಾರಣ ಇರಬೇಕಲ್ಲ. ಬರೆ. ಅತ್ತೆಗೆ ಓದಿ ಹೇಳುತ್ತೇನೆ.

ಟ್ಯಾಮ್ಸಿನ್

---

ಕೂಬರ್ ಪೀಡಿ
3 ಜುಲೈ 1966

ಪ್ರೀತಿಯ ಟ್ಯಾಮ್ಸಿನ್,

ಸಂಜೆ ನಾಲ್ಕು. ಇವತ್ತು ಕೆಲಸವಿಲ್ಲ. ಚಳಿಗಾಲ ಬಲಿತಿದೆ, ಆದರೆ ನೆಲದಡಿಯ ಮನೆಯಲ್ಲಿ ಅದು ಗೊತ್ತಾಗುವುದಿಲ್ಲ.

ಓಪಲ್ ಮೆತ್ತಗಿನ ಕಲ್ಲು. ಕೊಳಾಯಿಗೋ ಒಲೆಯ ಅಂಚಿಗೋ ತಾಗಿಸಿರಬೇಕು ನೀನು. ಬಿಸಿನೀರೂ ಸೋಡಾ ಪುಡಿಯೂ ಅದಕ್ಕೆ ಆಗಿಬರುವುದಿಲ್ಲ. ಜೋಪಾನ ಅಂತ ನಾನು ಮೊದಲೇ ಬರೆಯಬೇಕಿತ್ತು. ಬಿರುಕಿಗೂ ಅದೃಷ್ಟಕ್ಕೂ ಸಂಬಂಧವಿಲ್ಲ. ಅತ್ತೆಗೆ ಹಾಗೇ ಹೇಳು.

ಮಗು ಬಂದಮೇಲೆ ಬೇರೆ ಕಲ್ಲು ಕೂರಿಸಿಕೊಡುತ್ತೇನೆ. ಹೇಗೂ ಅಕ್ಟೋಬರಿನ ಮಗು, ಅದಕ್ಕೂ ಒಂದು ಇರಲಿ.

ಬೇರೆ ವಿಶೇಷವಿಲ್ಲ. ಚೆನ್ನಾಗಿ ತಿನ್ನು.

ಅಪ್ಪ

---

ಪೋರ್ಟ್ ಲಿಂಕನ್
9 ಸೆಪ್ಟೆಂಬರ್ 1966

ಅಪ್ಪ,

ಡಂಕನ್ ಕಳಿಸಿದ ತಂತಿ ಸಿಕ್ಕಿರಬೇಕು. ನಾನೇ ಬರೆಯಲು ಇವತ್ತು ಸಾಧ್ಯವಾಯಿತು.

ಆಗಸ್ಟ್ 23, ಮಂಗಳವಾರ ಬೆಳಗಿನ ಜಾವ ನೋವು ಬಂತು. ಒಂಬತ್ತು ವಾರ ಮೊದಲೇ. ಹೆಣ್ಣು. ಹನ್ನೊಂದು ಗಂಟೆ ಇದ್ದಳು. ಲವ್‌ಡೇ ಅಂತ ಅಮ್ಮನ ಹೆಸರೇ ಇಟ್ಟೆವು. ಪಾದ್ರಿ ಬರುವಷ್ಟರಲ್ಲಿ ಹೆಸರು ಬೇಕಿತ್ತು, ನನಗೆ ಬೇರೆ ಯಾವುದೂ ತೋಚಲಿಲ್ಲ. ಅವಳ ಕೈ ನನ್ನ ಹೆಬ್ಬೆರಳಿನ ಒಂದು ಗೆಣ್ಣಿನಷ್ಟಿತ್ತು.

ಶ್ವಾಸಕೋಶ ಬಲಿತಿರಲಿಲ್ಲ ಎಂದರು ಡಾಕ್ಟರು. ಯಾಕೆ ಅಷ್ಟು ಬೇಗ ಬಂದಳು ಎಂದು ಕೇಳಿದೆ. "ಕೆಲವು ಸಲ ಹೀಗಾಗತ್ತಮ್ಮ. ಕಾರಣ ಅಂತ ಇರಲ್ಲ" ಎಂದರು. ನಾನು ಆ ಮಾತನ್ನೇ ಹಿಡಿದುಕೊಂಡು ಮಲಗಿದ್ದೆ.

ಆಸ್ಪತ್ರೆಯಲ್ಲಿ ಅತ್ತೆ ನನ್ನ ಬೆರಳಿಗೆ ಸಾಬೂನು ಹಚ್ಚಿ ಉಂಗುರ ಬಿಡಿಸಿಕೊಂಡರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೋಡಲು ಬಂದವರೆಲ್ಲ ನನ್ನ ಮುಖಕ್ಕಿಂತ ಮೊದಲು ಕೈ ನೋಡುತ್ತಾರೆ.

ಕಲ್ಲನ್ನು ನಾನು ಎಲ್ಲಿಗೂ ತಾಗಿಸಿರಲಿಲ್ಲ ಅಪ್ಪ. ಬಟ್ಟೆ ಒಗೆಯುವಾಗ ತೆಗೆದು ಕಿಟಕಿಯ ಮೇಲಿಟ್ಟು, ಕೈ ಒರೆಸಿಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದೆ.

ಎಲ್ಲರೂ ಉಂಗುರದಿಂದಲೇ ಹೀಗಾಯಿತು ಎನ್ನುತ್ತಾರೆ. ನೀನು ಆ ಕಲ್ಲಿನ ಜೊತೆ ಇಪ್ಪತ್ತು ವರ್ಷ ಬದುಕಿದವನು. ಒಂದೇ ಪ್ರಶ್ನೆ ಕೇಳುತ್ತೇನೆ, ನೀನು ಏನು ಹೇಳಿದರೂ ನಂಬುತ್ತೇನೆ. ಮಗು ಹೋದದ್ದು ಉಂಗುರದಿಂದಲಾ, ಅಲ್ಲವಾ?

ಟ್ಯಾಮ್ಸಿನ್

---

ಕೂಬರ್ ಪೀಡಿ
18 ಸೆಪ್ಟೆಂಬರ್ 1966

ನನ್ನ ಮಗಳೇ,

ಬೆಳಿಗ್ಗೆ ಹತ್ತು. ಮೂರು ದಿನದಿಂದ ನಿನ್ನ ಕಾಗದ ಮೇಜಿನ ಮೇಲಿದೆ. ಗುಂಡಿಗೆ ಹೋಗಿಲ್ಲ. ಸ್ಪೀರೋ ಸೂಪು ತಂದಿಟ್ಟು ಹೋಗುತ್ತಾನೆ.

ಹೌದು. ಉಂಗುರದಿಂದಲೇ. ನಾವು ನಕ್ಕಿದ್ದು ತಪ್ಪು. ಹಳಬರು ಸುಮ್ಮನೆ ಹೇಳಿರುವುದಿಲ್ಲ. ಇಲ್ಲಿಯೂ ಕೆಲವರು ಕೆಲವು ಕಲ್ಲುಗಳನ್ನು ಮನೆಯೊಳಗೆ ತರುವುದಿಲ್ಲ, ನಾನು ನಿನಗೆ ಹೇಳಿರಲಿಲ್ಲ ಅಷ್ಟೆ. ಅದರಲ್ಲೇ ಕೇಡು ಇತ್ತು. ನಿನ್ನದು ಏನೇನೂ ತಪ್ಪಿಲ್ಲ. ನಿನ್ನ ಮೈಯಲ್ಲಿ ಏನೂ ಕೊರತೆಯಿಲ್ಲ, ನೀನು ಏನನ್ನೂ ಕಡಿಮೆ ಮಾಡಲಿಲ್ಲ. ಎಲ್ಲವೂ ಆ ಕಲ್ಲು. ಇದನ್ನು ಮನಸ್ಸಿನಲ್ಲಿಟ್ಟುಕೋ, ಹಗುರಾಗುತ್ತದೆ.

ಅದನ್ನು ಸಮುದ್ರಕ್ಕೆ ಎಸೆದುಬಿಡು.

ಅಪ್ಪ

---

ಪೋರ್ಟ್ ಲಿಂಕನ್
21 ನವೆಂಬರ್ 1966

ಅಪ್ಪ,

ಸೆಪ್ಟೆಂಬರಿನಿಂದ ನೀನು ಹಾಕಿದ ಮೂರು ಕಾಗದಗಳೂ ಬಂದಿವೆ. ಉತ್ತರ ಬರೆಯಲಿಲ್ಲ.

ನೀನು ಅಲ್ಲ ಅನ್ನುತ್ತೀಯ ಅಂತ ಕಾಯುತ್ತಿದ್ದೆ. ಇಡೀ ಊರು ಒಂದು ಕಡೆ ಇತ್ತು. ಇನ್ನೊಂದು ಕಡೆ ಡಾಕ್ಟರು ಮತ್ತು ನೀನು ಇದ್ದಿರಿ. ಡಾಕ್ಟರಿಗೆ ನಾನು ಯಾರೋ. ನೀನೊಬ್ಬ ಅಲ್ಲ ಅಂದಿದ್ದರೆ ಸಾಕಿತ್ತು.

ಉಂಗುರದಿಂದಲೇ ಎಂದಾದರೆ ಅದು ತಾನಾಗಿ ಬಂದು ನನ್ನ ಬೆರಳಿನಲ್ಲಿ ಕೂತಿರಲಿಲ್ಲ. ತೆಗೆ ಎಂದು ಏಪ್ರಿಲಿನಲ್ಲಿ ಹೇಳಿದರು, ಜೂನಿನಲ್ಲಿ ಹೇಳಿದರು. ಡಂಕನ್ ಹೇಳಿದ. ಬಿರುಕು ಬಿಟ್ಟು ಅದೇ ಹೇಳಿತು. ನಾನು ಮುಷ್ಟಿ ಮುಚ್ಚಿಕೊಂಡು ಹಾಕಿಕೊಂಡೇ ಇದ್ದೆ. ಇದರಲ್ಲಿ ನನ್ನ ತಪ್ಪಿಲ್ಲ ಎಂದು ನೀನು ಹೇಗೆ ಬರೆದೆ?

ಸಮುದ್ರಕ್ಕೆ ಎಸೆ ಎಂದಿದ್ದೀಯ. ಇಲ್ಲಿಯವರು ಅದೇ ನೀರಿನಲ್ಲಿ ಗಾಳ ಹಾಕುತ್ತಾರೆ. ನೀನು ಬರೆದದ್ದನ್ನು ಅತ್ತೆಗೆ ಹೇಳಿದಾಗ ಅವರು ಕುರ್ಚಿ ಹಿಡಿದು ಕೂತರು. ಕಟ್ಟೆಗೆ ಹೋಗಿ ದೋಣಿ ಬೀಳ್ಕೊಡುವುದನ್ನೂ ಬಿಟ್ಟಿದ್ದೇನೆ. ಯಾರೂ ಬೇಡ ಅನ್ನಲಿಲ್ಲ. ಹೋದ ತಿಂಗಳು ಹೋಗಿ ನಿಂತಾಗ ಒಬ್ಬ ಹಗ್ಗ ಬಿಚ್ಚುತ್ತಿದ್ದವನು ನನ್ನನ್ನು ನೋಡಿ ಮತ್ತೆ ಕಟ್ಟಿದ. ಚಹಾ ಕುಡಿಯುವ ನೆಪ ಮಾಡಿ ಒಳಗೆ ಹೋದ. ನಾನು ಮನೆಗೆ ಬಂದೆ. ಆಮೇಲೆ ಅವರು ಹೊರಟರು.

ಇನ್ನು ಮಕ್ಕಳು ಬೇಡ ಎಂದು ಡಂಕನ್‌ಗೆ ಹೇಳಿದ್ದೇನೆ. ಅವನು ತೊಟ್ಟಿಲು ಬಿಚ್ಚಿ ಹಲಗೆಗಳನ್ನು ಕಟ್ಟಿ ಅಟ್ಟದ ಮೇಲಿಟ್ಟ.

ಟ್ಯಾಮ್ಸಿನ್

---

ಕೂಬರ್ ಪೀಡಿ
1 ಡಿಸೆಂಬರ್ 1966

ಟ್ಯಾಮ್ಸಿನ್,

ಬೆಳಿಗ್ಗೆ ಆರು. ನಿನ್ನ ಕಾಗದ ನಿನ್ನೆ ಬಂತು. ಏಳಕ್ಕೆ ಟಪಾಲು ಲಾರಿ ಹೊರಡುತ್ತದೆ, ಇದು ಅದರಲ್ಲಿ ಹೋಗಲೇಬೇಕು.

ನಾನು ಸೆಪ್ಟೆಂಬರಿನಲ್ಲಿ ಬರೆದದ್ದು ಸುಳ್ಳು. ಜುಲೈನಲ್ಲಿ ಬರೆದದ್ದೂ ಸುಳ್ಳು. ನೀನು ಕಲ್ಲನ್ನು ಎಲ್ಲಿಗೂ ತಾಗಿಸಲಿಲ್ಲ ಎಂದು ಅವತ್ತೇ ನನಗೆ ಗೊತ್ತಿತ್ತು.

ಒಣಕೆರೆ ಬಯಲಿನ ಕಲ್ಲಿನಲ್ಲಿ ನೀರು ಹೆಚ್ಚು. ನೆಲದಿಂದ ಹೊರಬಂದ ಮೇಲೆ ಆ ನೀರು ನಿಧಾನವಾಗಿ ಒಣಗುತ್ತದೆ, ಒಣಗುವಾಗ ಕೆಲವು ಸೀಳುತ್ತವೆ. ಯಾವುದು ಸೀಳುತ್ತದೆ ಎಂದು ಯಾರಿಗೂ ಗೊತ್ತಾಗದು. ಅದಕ್ಕೇ ಆ ಕಲ್ಲನ್ನು ಒಂದು ಇಡೀ ಬೇಸಿಗೆ ಹಲಗೆಯ ಮೇಲಿಟ್ಟು ಕಾಯುತ್ತೇವೆ. ಬಿರುಕು ಬಿಡದೆ ಉಳಿದದ್ದನ್ನು ಮಾತ್ರ ಕಡಿಯುತ್ತೇವೆ. ಈ ಊರಿನಲ್ಲಿ ನಿನ್ನೆ ಬಂದವನಿಗೂ ಇದು ಗೊತ್ತು. ನಾನು ಆರು ವಾರಕ್ಕೆ ಕಡಿದೆ. ಸ್ಪೀರೋ ನನ್ನ ಕೈಯಿಂದ ಕಲ್ಲು ಕಿತ್ತುಕೊಳ್ಳಲು ಬಂದಿದ್ದ. "ಹಲಗೆ ಮೇಲಿಡಯ್ಯ, ಕಲ್ಲೇನ್ ಎದ್ದು ಓಡಿಹೋಗತ್ತಾ?" ಅಂದ. ನಾನು ಅವನನ್ನು ತಳ್ಳಿದೆ.

ಯಾಕೆಂದು ಹೇಳುತ್ತೇನೆ. ನಿನ್ನ ಅಮ್ಮನಿಗೆ ಒಂದು ಉಂಗುರ ಮಾಡಿಕೊಡುತ್ತೇನೆ ಎಂದು ಹದಿನೆಂಟು ವರ್ಷ ಹೇಳಿದೆ. ಪ್ರತಿ ಸಲ ಕಲ್ಲು ಸಿಕ್ಕಾಗಲೂ ಇದಕ್ಕಿಂತ ಒಳ್ಳೆಯದು ಸಿಗಲಿ ಎಂದು ಕಾದೆ. ಅವಳು ಬರಿಗೈಯಲ್ಲಿ ಹೋದಳು. ನಿನ್ನ ಕಾಗದ ಬಂದ ದಿನ ಆ ಕಲ್ಲು ಅರ್ಧ ಕಡಿದಾಗಿತ್ತು. ಇನ್ನೊಂದು ಬೇಸಿಗೆ ಕಾಯಲು ನನ್ನಿಂದ ಆಗಲಿಲ್ಲ. ಇಷ್ಟೇ ಇದರ ಕಥೆ. ಕೇಡಲ್ಲ, ಆತುರ.

ಜುಲೈನಲ್ಲಿ ಹೇಳಿಕೊಳ್ಳಲು ನಾಚಿಕೆಯಾಯಿತು. ಇಪ್ಪತ್ತು ವರ್ಷದ ಕೆಲಸಗಾರ ಇಂಥ ತಪ್ಪು ಮಾಡಿದೆ ಎಂದು ಮಗಳಿಗೆ ಹೇಗೆ ಬರೆಯುವುದು? ಸೆಪ್ಟೆಂಬರಿನಲ್ಲಿ ಬೇರೆ ಯೋಚನೆ ಮಾಡಿದೆ. ನಿನಗೆ ಒಂದು ಕಾರಣ ಬೇಕಾಗಿದೆ, ಕಲ್ಲಿನ ಮೇಲೆ ಹಾಕಿದರೆ ನೀನು ನಿನ್ನನ್ನು ಬಿಟ್ಟುಬಿಡುತ್ತೀಯ ಎಂದುಕೊಂಡೆ. ನಾನು ಹಾಕಿಕೋ ಎಂದದ್ದು, ನೀನು ಹಾಕಿಕೊಂಡೇ ಇದ್ದದ್ದು, ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಂಬುವುದು ಕಷ್ಟ ಎಂದು ಸಾಕ್ಷಿ ಕಳಿಸುತ್ತಿದ್ದೇನೆ. ಅದೇ ಗುಂಡಿಯಲ್ಲಿ ಅದೇ ದಿನ ಸಿಕ್ಕ ಹನ್ನೊಂದು ಕಲ್ಲು ಹಲಗೆಯ ಮೇಲಿದ್ದವು. ಒಂಬತ್ತು ಸೀಳಿವೆ. ಅವುಗಳನ್ನು ತಂಬಾಕಿನ ಡಬ್ಬಿಯಲ್ಲಿ ಹತ್ತಿಯಿಟ್ಟು ಕಳಿಸಿದ್ದೇನೆ. ನಿನ್ನ ಉಂಗುರದ ಪಕ್ಕದಲ್ಲಿಟ್ಟು ನೋಡು, ಗೆರೆಗಳು ಒಂದೇ ಥರ. ಅತ್ತೆಗೂ ಡಂಕನ್‌ಗೂ ತೋರಿಸು. ಇವನ್ನು ಯಾರೂ ಬೆರಳಿಗೆ ಹಾಕಿಕೊಂಡಿರಲಿಲ್ಲ, ಯಾವ ಮಗುವೂ ಇವುಗಳ ಹತ್ತಿರ ಇರಲಿಲ್ಲ. ಆದರೂ ಸೀಳಿವೆ.

ಡಾಕ್ಟರು ಹೇಳಿದ್ದೇ ನಿಜ. ಅದನ್ನು ಹಿಡಿದುಕೋ.

ಅಪ್ಪ

---

ಪೋರ್ಟ್ ಲಿಂಕನ್
14 ಜನವರಿ 1967

ಅಪ್ಪನಿಗೆ,

ಡಬ್ಬಿ ಡಿಸೆಂಬರ್ 12ರಂದು ಬಂತು. ಮೀನಿನ ಕಾಲ ಶುರುವಾಗಿತ್ತು, ಮಾರನೆಯ ಬೆಳಿಗ್ಗೆ ದೋಣಿ ಹೊರಡಬೇಕಿತ್ತು. ಡಂಕನ್‌ನ ಜೊತೆಗಾರ ಆಂಗಸ್ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದ. ನಾನು ತಂಬಾಕು ಎಂದುಕೊಂಡು ಅವರೆದುರೇ ಮುಚ್ಚಳ ತೆಗೆದೆ. ಒಂಬತ್ತು ಓಪಲ್ಲುಗಳು ಮೇಜಿನ ಮೇಲೆ ಉರುಳಿದವು. ಒಂದು ಆಂಗಸ್‌ನ ಬಟ್ಟಲಿಗೆ ತಾಗಿ ನಿಂತಿತು.

ಅವನು ಎದ್ದು ಟೋಪಿ ತೆಗೆದುಕೊಂಡ. "ಡಂಕನ್, ನಿನ್ ಮೇಲೆ ನಂಗೇನ್ ಕೋಪ ಇಲ್ಲ ಕಣೋ. ಆದ್ರೆ ನಂಗೆ ಮೂರ್ ಮಕ್ಳು" ಎಂದ.

"ಅವು ಕಲ್ಲು ಆಂಗಸ್. ಕೂತ್ಕೋ. ಚಹಾ ಮುಗ್ಸು."

"ಒಂದಕ್ಕೇ ಹಿಂಗಾಯ್ತು. ಇಲ್ನೋಡಿದ್ರೆ ಒಂಬತ್ತು."

ಸಂಜೆಯ ಹೊತ್ತಿಗೆ ದೋಣಿಯ ಉಳಿದ ಇಬ್ಬರು ಕೆಲಸಗಾರರೂ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ನಿಮ್ಮ ಕಾಗದವನ್ನು ನಾನು ಆಮೇಲೆ ಓದಿದೆ. ಡಂಕನ್‌ಗೂ ಅತ್ತೆಗೂ ಓದಿ ಹೇಳಿದೆ. ಅತ್ತೆ ಕೊನೆಯವರೆಗೆ ಕೇಳಿ, "ತಂದೆ ಅಲ್ವಾ, ನೀನ್ ಬದುಕ್ಕೊಳ್ಳಲಿ ಅಂತ ಏನ್ ಬೇಕಾದ್ರೂ ಬರೀತಾರೆ" ಎಂದರು. ಅವರು ಕುಹಕದಿಂದ ಹೇಳಲಿಲ್ಲ.

ಒಂದು ತಿಂಗಳು ದೋಣಿ ಕಟ್ಟೆಯಲ್ಲೇ ನಿಂತಿತ್ತು. ಡಂಕನ್‌ನ ಜೊತೆ ಹೋಗಲು ಈ ಊರಿನಲ್ಲಿ ಯಾರೂ ಸಿಗಲಿಲ್ಲ. ಹೋದ ವಾರ ಅವನು ಪಶ್ಚಿಮದ ಆಲ್ಬನಿಗೆ, ಬೇರೆಯವರ ದೋಣಿಯ ಕೆಲಸಕ್ಕೆ ಹೊರಟ. "ನಂಗೆ ಈ ಕೇಡುಗೀಡಲ್ಲಿ ನಂಬಿಕೆ ಇಲ್ಲ ಟ್ಯಾಮ್, ನಿಜವಾಗ್ಲೂ ಇಲ್ಲ" ಎಂದ. ಹಾಗೆ ಹೇಳುವಾಗ ನನ್ನ ಕೈ ಮುಟ್ಟಲಿಲ್ಲ. ನನ್ನನ್ನು ಬಾ ಎಂದು ಕರೆಯಲಿಲ್ಲ, ನಾನೂ ಬರುತ್ತೇನೆ ಎನ್ನಲಿಲ್ಲ.

ಮೊದಲು ಬರೀ ಕಲ್ಲು ಎಂದಿರಿ. ಆಮೇಲೆ ನಾನು ತಾಗಿಸಿದೆ ಎಂದಿರಿ. ಆಮೇಲೆ ಕೇಡು ಎಂದಿರಿ. ಈಗ ಆತುರ ಎನ್ನುತ್ತೀರಿ. ಕೊನೆಯದೇ ನಿಜ ಇರಬಹುದು. ಓದುವಾಗ ನಿಜ ಅನ್ನಿಸುತ್ತದೆ, ಕಾಗದ ಮಡಿಸಿಟ್ಟ ಮೇಲೆ ಉಳಿಯುವುದಿಲ್ಲ. ಏನು ಹೇಳಿದರೂ ನಂಬುತ್ತೇನೆ ಎಂದು ಬರೆದಿದ್ದೆ. ಅದನ್ನು ಒಂದು ಸಲ ಮಾತ್ರ ಮಾಡಲು ಸಾಧ್ಯವಿತ್ತು, ಮಾಡಿಬಿಟ್ಟೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಅಮ್ಮನ ಉಂಗುರದ ವಿಷಯ ನನಗೆ ಗೊತ್ತಿರಲಿಲ್ಲ. ಅದನ್ನು ಓದಿ ಅತ್ತುಬಿಟ್ಟೆ.

ಬುಧವಾರ ನಾನೂ ಈ ಮನೆ ಬಿಡುತ್ತೇನೆ. ಎಲ್ಲಿಗೆಂದು ಬರೆಯುವುದಿಲ್ಲ. ಇನ್ನು ಕಾಗದ ಹಾಕಬೇಡಿ.

ಟ್ಯಾಮ್ಸಿನ್

---

ಕೂಬರ್ ಪೀಡಿ
12 ಫೆಬ್ರವರಿ 1967

ಟ್ಯಾಮ್ಸಿನ್,

ಸಂಜೆ ಏಳು. ಪೋರ್ಟ್ ಲಿಂಕನ್‌ನಿಂದ ಇವತ್ತು ಮಧ್ಯಾಹ್ನ ತಿರುಗಿ ಬಂದೆ. ಹೋಗಲು ಎರಡು ದಿನ, ಬರಲು ಎರಡು ದಿನ. ಬರೆಯಬೇಡ ಎಂದು ನೀನು ಹೇಳಿದ್ದೆ. ಬರಬೇಡ ಎಂದಿರಲಿಲ್ಲ, ಹಾಗಾಗಿ ಹೋದೆ. ನೀನು ಅಲ್ಲಿ ಇರುವುದಿಲ್ಲ ಎಂದು ಗೊತ್ತಿತ್ತು. ಆದರೂ ಬಾಗಿಲು ತಟ್ಟುವಾಗ ಟೋಪಿ ಸರಿಮಾಡಿಕೊಂಡೆ.

ನಿನ್ನ ಅತ್ತೆ ಬಾಗಿಲು ತೆಗೆದರು. ನಾನು ಯಾರೆಂದು ಹೇಳುವ ಮೊದಲೇ, "ಒಳಗ್ ಬನ್ನಿ. ಬಿಸ್ಲಲ್ಲಿ ನಿಂತ್ಕೋಬೇಡಿ" ಎಂದರು. ಚಹಾ ಕೊಟ್ಟರು, ಒಣದ್ರಾಕ್ಷಿ ಕೇಕು ಕೊಯ್ದಿಟ್ಟರು.

"ನಾನ್ ಅವ್ಳನ್ನ ಓಡ್ಸಿಲ್ಲ" ಎಂದರು.

"ಗೊತ್ತು."

"ಡಂಕನ್‌ಗಿಂತ ಮುಂಚೆ ನಂಗೂ ಒಂದ್ ಹುಟ್ಟಿತ್ತು. ಗಂಡು. ಆರ್ ದಿನ ಇದ್ದ. ನನ್ ಬೆರಳಲ್ಲಿ ಏನೂ ಇರ್ಲಿಲ್ಲ, ಕತ್ತಲ್ಲಿ ಏನೂ ಇರ್ಲಿಲ್ಲ. ಹಸಿರು ಬಟ್ಟೆ ಉಟ್ಟಿರ್ಲಿಲ್ಲ. ಮೂವತ್ತೆರಡು ವರ್ಷ ಹುಡುಕ್ದೆ, ಒಂದೇ ಒಂದ್ ಕಾರಣ ಸಿಗ್ಲಿಲ್ಲ ನಂಗೆ. ಇವ್ಳಿಗೆ ಒಂದ್ ಕಾರಣ ಇದ್ಯಲ್ಲ, ಅಷ್ಟಾದ್ರೂ ಇರ್ಲಿ ಅನ್ಕೊಂಡೆ."

"ನಾನೂ ಹಾಗೇ ಅನ್ಕೊಂಡೆ" ಎಂದೆ.

ಅವರು ನನ್ನ ಬಟ್ಟಲಿಗೆ ಮತ್ತೆ ಚಹಾ ಹಾಕಿದರು. ಬಟ್ಟಲು ತುಂಬಿ ತಟ್ಟೆಗೆ ಸುರಿಯಿತು, ಇಬ್ಬರೂ ಅದನ್ನು ನೋಡುತ್ತಾ ಕೂತೆವು.

ಉಂಗುರ ಏನಾಯಿತು ಎಂದು ಕೇಳಿದೆ. ಅವರು ಅದನ್ನು ಹಿತ್ತಲಿನಲ್ಲಿ ಹೂತಿದ್ದರಂತೆ. ಹೊರಡುವ ದಿನ ಬೆಳಿಗ್ಗೆ ನೀನು ಸಲಿಕೆ ಕೇಳಿ ಪಡೆದು, ಅಗೆದು ತೆಗೆದು, ತೊಳೆದು ಬೆರಳಿಗೆ ಹಾಕಿಕೊಂಡೆಯಂತೆ. "ಬೇಡ ಕಣೇ ಅಂದೆ. 'ಇದು ಎಲ್ಲಾದ್ರೂ ಒಂದ್ ಕಡೆ ಇರ್ಲೇಬೇಕಲ್ಲ ಅತ್ತೆ, ಇಲ್ಲಿ ಬೇಡ' ಅಂದ್ಳು. ಬಸ್ ಹತ್ತೋವಾಗ ಕಂಬಿ ಹಿಡ್ಕೊಂಡಾಗ್ಲೂ ಕಾಣ್ತಿತ್ತು. ಮುಷ್ಟಿ ಮುಚ್ಚಿರ್ಲಿಲ್ಲ" ಎಂದರು.

ಆಮೇಲೆ ಗೋರಿಗೆ ಕರೆದುಕೊಂಡು ಹೋದರು. ಸಣ್ಣ ಕಲ್ಲು, ಸಮುದ್ರಕ್ಕೆ ಮುಖ. ನಿನ್ನ ಅಮ್ಮನ ಹೆಸರನ್ನು ಇನ್ನೊಂದು ಕಲ್ಲಿನ ಮೇಲೆ ಓದಬೇಕಾಗಿ ಬರುತ್ತದೆ ಎಂದು ನಾನು ಎಂದೂ ಎಣಿಸಿರಲಿಲ್ಲ. ಒಂದೇ ತಾರೀಕು ಎರಡು ಸಲ ಕೆತ್ತಿದ್ದಾರೆ. ಗಾಳಿ ಜೋರಾಗಿತ್ತು. ಅತ್ತೆ ನನ್ನ ತೋಳು ಹಿಡಿದುಕೊಂಡಿದ್ದರು, ಅವರು ಬೀಳಬಾರದು ಎಂದೋ ನಾನು ಬೀಳಬಾರದು ಎಂದೋ ತಿಳಿಯಲಿಲ್ಲ.

ಈ ಕಾಗದವನ್ನು ಅವರ ವಿಳಾಸಕ್ಕೆ ಹಾಕುತ್ತೇನೆ. ನಿನ್ನಿಂದ ಎಂದಾದರೂ ಒಂದು ಸಾಲು ಬಂದರೆ ಲಕೋಟೆಯ ಮೇಲೆ ನಿನ್ನ ವಿಳಾಸ ಬರೆದು ಮುಂದೆ ಕಳಿಸುತ್ತೇನೆ ಎಂದು ಒಪ್ಪಿಕೊಂಡಿದ್ದಾರೆ. ಬರುತ್ತದೆ ಎಂದು ಅವರಿಗೂ ಅನ್ನಿಸಿಲ್ಲ. ಅವರ ಮುಖದಲ್ಲಿ ಕಂಡಿತು.

ಬಂದಮೇಲೆ ಸ್ಪೀರೋ ನನ್ನ ಬೂಟಿನ ಧೂಳು ಕೊಡವಿ ಬಾಗಿಲ ಬಳಿ ಇಟ್ಟ. ಊಟಕ್ಕೆ ಕೂತಾಗ, "ಇನ್ನೊಂದ್ಸಲ ಹೋಗೋಣ್ವಾ? ಪೇಪರ್‌ನಲ್ಲಿ ಹಾಕ್ಸೋಣ್ವಾ?" ಎಂದ. ಏನಂತ ಹಾಕಿಸುವುದು ಎಂದೆ. ಅವನು ರೊಟ್ಟಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದ.

ನಾಳೆ ಸೋಮವಾರ, ನೀರಿನ ಲಾರಿ ಬರುವ ದಿನ. ಆರು ಗಂಟೆಯೊಳಗೆ ಪೀಪಾಯಿಯನ್ನು ರಸ್ತೆಯವರೆಗೆ ಉರುಳಿಸಬೇಕು.

ಅಪ್ಪ